ನಂಟರಿಲ್ಲದ ಬೆಟ್ಟ

ಜುಬೇದಾಳ ಜಾಕೆಟ್ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅದನ್ನು ಮೂಗಿಗೆ ಹಿಡಿದು ಹೊಟ್ಟೆಕಿಚ್ಚು ಪಟ್ಟವಳು ಗಲ್ಫ್‌ನ ನಮ್ಮ ಇಡೀ ಹಮದ್ ಟೌನ್‌ನಲ್ಲಿ ನಾನೊಬ್ಬಳೇ ಇರಬೇಕು.

ಜುಬೇದಾ ನಮ್ಮ ಪಕ್ಕದ ಮನೆಯವಳು, ಉಳ್ಳಾಲದವಳು. ಈದ್ ರಜೆಯಲ್ಲಿ ಗಂಡ, ಮಕ್ಕಳ ಜೊತೆ ಇಂಡೋನೇಷ್ಯಾಕ್ಕೆ ಹೋಗಿ ಜೀವಂತ ಜ್ವಾಲಾಮುಖಿಯ ನೆತ್ತಿ ಹತ್ತಿ ಬಂದಿದ್ದಾಳೆ.

"ಮೇಲೆ ಎರಡು ಕೆರೆ ಉಂಟು ಮಾರಾಯ್ತಿ. ಒಂದು ಪಚ್ಚೆ, ಇನ್ನೊಂದು ಕಪ್ಪು ಚಾದ ಹಾಗೆ. ಬದಿಯಿಂದ ಹೊಗೆ ಬರ್ತದೆ. ಎರಡು ಸಲ ಒಗೆದ್ರೂ ಜಾಕೆಟ್‌ನ ಗಂಧಕದ ವಾಸನೆ ಹೋಗ್ಲಿಲ್ಲ, ನೋಡು!"

ನೋಡಿದೆ. ಮೂಸಿದೆ. "ಒಳ್ಳೇದಾಯ್ತು" ಅಂದೆ. (ಹಾಗೆ ಒಂದು ಚೂರೂ ಅನ್ನಿಸಿರಲಿಲ್ಲ.)

ಅವಳು ತೋರಿಸಿದ ಫೋಟೋಗಳನ್ನು ಹೇಗೋ ಸಹಿಸಿಕೊಂಡೆ. ನಿಜವಾಗಿ ಉರಿದದ್ದು ಅವಳ ಮುಂದಿನ ಮಾತಿಗೆ. "ಅಲ್ಲಿ ಒಬ್ಬರೂ 'ಯಾವಾಗ ಬಂದದ್ದು, ವಾಪಸ್ ಯಾವಾಗ' ಅಂತ ಕೇಳ್ಲಿಲ್ಲ!"

ಗಲ್ಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಗುವುದು ವರ್ಷಕ್ಕೊಂದು ರಜೆ. ಊರಿಗೆ ಹೋದರೆ ಮದುವೆ, ಗೃಹಪ್ರವೇಶ, ತೊಟ್ಟಿಲು. ಪ್ರತಿ ಮನೆಯಲ್ಲೂ ಒಂದು ಗ್ಲಾಸ್ ಜ್ಯೂಸ್, ಅದೇ ಎರಡು ಪ್ರಶ್ನೆ. ಇದು ರಜೆಯಾ, ಡ್ಯೂಟಿಯಾ? ನಂಟರೇ ಇಲ್ಲದ ಕಡೆ ನಾಲ್ಕು ದಿನ ಇರುವ ಆಸೆ ನನಗಿರಬಾರದಾ?

ಸಂಜೆ ಗಂಡ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಘೋಷಿಸಿದೆ. "ಈ ಸಲ ಊರಿಗಿಲ್ಲ, ಜ್ವಾಲಾಮುಖಿಗೆ."

"ಆಯ್ತು, ಹೋಗುವ. ಆಗಸ್ಟ್ ಕೊನೆಗೆ ಲೀವ್ ಹಾಕ್ತೇನೆ" ಅಂದರು. ಅಷ್ಟು ಸುಲಭ!

ಲೀವ್ ಪಾಸಾದ ದಿನ ಆ ಖುಷಿಯಲ್ಲಿ ಮಂಗಳೂರಿನ ತಂಗಿಗೆ ಫೋನ್ ಮಾಡಿದೆ. "ಆಗಸ್ಟ್ ಕೊನೆಗೆ ನಮಗೆ ಲೀವ್ ಸಿಕ್ಕಿತು ಮಾರಾಯ್ತಿ" ಅಂದದ್ದಷ್ಟೇ. "ಮತ್ತೆ ಮಾಡ್ತೇನೆ ಅಕ್ಕಾ" ಎಂದು ಅವಳು ಫೋನ್ ಇಟ್ಟೇಬಿಟ್ಟಳು.

ಮರುದಿನ ಅವಳೇ ಮಾಡಿದಳು. "ಮಗಳ ಮದುವೆಯ ಮುಹೂರ್ತ ಇಡಿಸಿ ಆಯ್ತು! ನಿಮ್ಮ ಲೀವ್‌ಗೇ ಕಾಯ್ತಾ ಇದ್ದದ್ದು. ಹಾಲ್ ಸಹ ಬುಕ್ ಆಯ್ತು."

ನನ್ನ ಜ್ವಾಲಾಮುಖಿ ಆರಿಹೋಯಿತು.

ಈ ಸಂಕಟವನ್ನು ಜುಬೇದಾಳ ಹತ್ತಿರ ತೋಡಿಕೊಂಡೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಜಾಕೆಟ್ ಮಡಚಿ ಬದಿಗಿಟ್ಟಳು.

"ನಿನಗೋಸ್ಕರ ಮುಹೂರ್ತ ಕಾಯ್ತದಲ್ಲಾ! ನನ್ನ ತಮ್ಮನ ನಿಕಾಹ್‌ಗೆ ನಮ್ಮ ಲೀವ್ ಯಾವಾಗ ಅಂತ ಯಾರೂ ಕೇಳ್ಲಿಲ್ಲ. ಮೊಬೈಲಲ್ಲಿ ನೋಡಿದ್ದು ನಾನು. ಆ ಬೇಜಾರು ಹೋಗ್ಲಿ ಅಂತಲೇ ಇವರು ನನ್ನನ್ನು ಬೆಟ್ಟಕ್ಕೆ ಕರ್ಕೊಂಡು ಹೋದದ್ದು."

ಆ ದನಿ ನನಗೆ ಚೆನ್ನಾಗಿ ಪರಿಚಯ. ಪಕ್ಕಾ ಹೊಟ್ಟೆಕಿಚ್ಚು. ಪಾಪ ಅನ್ನಿಸಿತು, ಅವಳ ಕೈ ಹಿಡಿದುಕೊಂಡೆ.

ಆದರೂ ಹೇಳಿ, ಆ ಎರಡು ಕೆರೆ ನೋಡಿ ಬಂದವಳು ಅವಳೇ ತಾನೇ?