ಫೋಟೋದ ನಡುವೆ ನಿಲ್ಲುವ ನೀಮಾ

ಕಳೆದ ವಾರ ಜೋಶಿ ಸರ್ ನನಗೆ ಬಾಕರವಡಿ ತಂದುಕೊಟ್ಟರು.

ಅದರಲ್ಲಿ ಬರೆಯುವಂಥದ್ದೇನಿದೆ ಅಂತೀರಾ? ನೀವು ಜೋಶಿ ಸರ್ ಅವರನ್ನು ನೋಡಿಲ್ಲ, ಅದಕ್ಕೇ ಹಾಗಂತೀರಿ. ಪುಣೆಯ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮಾರ್ಕೆಟಿಂಗ್ ಕೋರ್ಸಿನ ಹೆಡ್ ಅವರು. ನನ್ನ ಪಕ್ಕದ ಕೋಣೆ. ಸ್ಟೇಪ್ಲರ್ ಒಯ್ದರೆ ಪಿನ್ನು ಖಾಲಿ ಮಾಡಿಯೇ ವಾಪಸ್ ಕೊಡುವ ಮನುಷ್ಯ. ಅಂಥವರು ಬೆಳಿಗ್ಗೆ ಬೆಳಿಗ್ಗೆ ಆ ಖಾರದ ಸುರುಳಿ ತಿಂಡಿಯ ಒಂದು ದೊಡ್ಡ ಪೊಟ್ಟಣ ನನ್ನ ಟೇಬಲ್ ಮೇಲಿಟ್ಟು, "ಘ್ಯಾ ಮೇಡಂ, ತಾಜಾ ಆಹೇ" ಅಂದು ಹಲ್ಲು ಕಿರಿದು ಹೋದರು. ತಗೊಳ್ಳಿ, ಈಗಷ್ಟೇ ಮಾಡಿದ್ದಂತೆ.

ನನಗೆ ತಕ್ಷಣ ಅನುಮಾನ ಬಂತು. (ತಿಂದೆ. ಅನುಮಾನಕ್ಕೂ ಹಸಿವಿಗೂ ಸಂಬಂಧವಿಲ್ಲ.)

ಜೂನ್‌ನಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ನಾತಕೋತ್ತರ ಕೋರ್ಸಿನ ಮುಖ್ಯಸ್ಥೆಯ ಕುರ್ಚಿ ನನಗೆ ಸಿಕ್ಕಿತು. ಅಂದಿನಿಂದ ಎಲ್ಲರೂ ನನ್ನೊಂದಿಗೆ ಬೆಲ್ಲದ ಹಾಗೆ ಮಾತಾಡುತ್ತಿದ್ದಾರೆ. ಡೈರೆಕ್ಟರ್ ಅಂತೂ ಕಂಡಾಗೆಲ್ಲ, "ಮೇಡಂ, ಈ ಪ್ರೋಗ್ರಾಂನ ಭವಿಷ್ಯ ನಿಮ್ಮ ಕೈಲಿದೆ" ಅನ್ನುತ್ತಾರೆ. ಭವಿಷ್ಯವನ್ನು ನಮ್ಮ ಕೈಗೆ ಕೊಟ್ಟವರು ಕೈ ಸುಟ್ಟಾಗ ಬರ್ನಾಲ್ ಕೊಡುತ್ತಾರೆಯೇ? ಅನುಭವಸ್ಥರು ಹೇಳಬೇಕು.

ಬಾಕರವಡಿ ಬಂದ ಮರುವಾರವೇ ಪರಿಶೀಲನಾ ತಂಡ ಬರುವುದಿತ್ತು. ಕೋರ್ಸು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಿ ಗ್ರೇಡ್ ಕೊಡುವ ದೊಡ್ಡವರು. ಗ್ರೇಡ್ ಕೆಟ್ಟರೆ ನಮ್ಮ ಕೋರ್ಸನ್ನು ಜೋಶಿ ಸರ್ ಕೋರ್ಸಿನೊಳಗೆ ಸೇರಿಸಿಬಿಡುತ್ತಾರೆ ಅನ್ನುವ ಮಾತು ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಬಾಕರವಡಿ ಮೇಲೆ ಯಾಕೆ ಅನುಮಾನ ಬಂತು ಅಂತ ಈಗ ಗೊತ್ತಾಯಿತಲ್ಲ?

ನಮ್ಮ ಕೋರ್ಸಿನ ಹೆಸರಲ್ಲಿ ಇಂಟರ್‌ನ್ಯಾಷನಲ್ ಇದೆ. ತರಗತಿಯಲ್ಲಿರುವವರು ಸಾತಾರಾ, ಸೊಲ್ಲಾಪುರ, ಲಾತೂರಿನ ಮಕ್ಕಳು. ಇರುವ ಪರದೇಶದ ವಿದ್ಯಾರ್ಥಿನಿ ಒಬ್ಬಳೇ, ಟಾಂಜಾನಿಯಾದ ನೀಮಾ. ಹೀಗಾಗಿ ನಮ್ಮ ಬ್ರೋಷರ್ ಮೇಲೆ ನೀಮಾ. ಗೇಟಿನ ಫ್ಲೆಕ್ಸ್ ಮೇಲೆ ನೀಮಾ. ಕಾಲೇಜ್ ಬಸ್ಸಿನ ಹಿಂಭಾಗದಲ್ಲಿ ನೀಮಾ. ಗಣಪತಿ ಆರತಿಯಲ್ಲಿ ಒಂಬತ್ತು ಗಜದ ಸೀರೆ, ಮೂಗಿಗೆ ನತ್ತು, ಕೈಯಲ್ಲಿ ತಟ್ಟೆ, ಅಲ್ಲೂ ನೀಮಾ. ಫೋಟೋಗ್ರಾಫರ್ ಬಂದರೆ ಮೊದಲು ಕೇಳುವುದೇ, "ಆ ಮ್ಯಾಡಂ ಎಲ್ಲಿದಾರೆ?" ಅಂತ. ಅವಳು ಬಂದು ನಡುವೆ ನಿಲ್ಲುತ್ತಾಳೆ, ನಗುತ್ತಾಳೆ, ಹೋಗುತ್ತಾಳೆ.

ಬಾಕರವಡಿ ಬಂದ ದಿನವೇ ಮಧ್ಯಾಹ್ನ ಆ ನೀಮಾ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಅರ್ಜಿ. ಎರಡನೇ ಸೆಮಿಸ್ಟರ್‌ನಿಂದ ಮಾರ್ಕೆಟಿಂಗ್ ಕೋರ್ಸಿಗೆ ಹೋಗಬೇಕಂತೆ. ನಮ್ಮಲ್ಲಿ ಹಾಗೆ ಬದಲಾಯಿಸಲು ಅವಕಾಶವಿದೆ, ಹೆಡ್ ಸಹಿ ಮಾಡಬೇಕು ಅಷ್ಟೆ.

ಬೆಳಿಗ್ಗೆ ಬಾಕರವಡಿ, ಮಧ್ಯಾಹ್ನ ಅರ್ಜಿ. ಲೆಕ್ಕ ಕೂಡಲಿಲ್ಲವೇ? "ಪರಿಶೀಲನಾ ತಂಡ ಬಂದುಹೋಗಲಿ, ಆಮೇಲೆ ಮಾತಾಡೋಣ" ಅಂದು ಅವಳನ್ನು ಸಾಗಹಾಕಿದೆ. ಪಕ್ಕದ ಕೋಣೆಯಿಂದ ಜೋಶಿ ಸರ್ ನಗು ಕೇಳಿಸಿತು. ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು, ಆದರೂ ನನ್ನನ್ನೇ ನೋಡಿ ನಕ್ಕಂತೆ ಅನ್ನಿಸಿತು.

ಸಂಜೆ ನಮ್ಮ ಮನೆಯವರು ಖರಾಡಿಯ ಆಫೀಸಿನಿಂದ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಬಂದರು. ಶೂ ಬಿಚ್ಚುವ ಮೊದಲೇ ಎಲ್ಲ ಒದರಿದೆ.

"ನಿನಗ ಪೇಪರ್ ಹಾಕಾಂವ ನಕ್ಕರೂ ಡೌಟ್ ಬರ್ತದ" ಅಂದರು. ವಿಜಯಪುರ ಬಿಟ್ಟು ಇಷ್ಟು ವರ್ಷವಾದರೂ ಅವರ ಮಾತು ಮಾತ್ರ ಅಲ್ಲೇ ಇದೆ.

"ಈ ಸಲ ಡೌಟ್ ಅಲ್ಲರಿ, ಖಾತ್ರಿ. ನಮ್ಮ ಹುಡುಗೀನ್ನ ಜೋಶಿ ಸರ್ ಎಳಕೊಳ್ಳಾಕತ್ತಾರ."

"ಆ ಹುಡುಗಿಗೆ ಕೇಳಿದ್ಯೇನು?"

"ಏನಂತ?"

"ಯಾಕ ಹೊಂಟೀಯವ್ವಾ ಅಂತ. ಬಾಕರವಡಿಗೆ ಕೇಳಿದ್ರ ಅದೇನ್ ಹೇಳ್ತದ?"

ಕೇಳಿರಲಿಲ್ಲ. ಮರುದಿನ ಅವಳನ್ನು ಕಾಲೇಜಿನೆದುರಿನ ಶೆಟ್ಟರ ಹೋಟೆಲಿಗೆ ಕರೆದೊಯ್ದೆ. ಮಸಾಲೆದೋಸೆ ಹೇಳಿದೆ. (ಹೌದು, ನಾನೂ ಬಾಕರವಡಿ ದಾರಿಯನ್ನೇ ಹಿಡಿದೆ.) ಅವಳು ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಪೊಲೀಸರಂತೆ ಶುರು ಮಾಡಿದೆ. ಜೋಶಿ ಸರ್ ಏನಾದರೂ ಹೇಳಿದರಾ?

ನೀಮಾ ಕಣ್ಣರಳಿಸಿದಳು. "ಯಾವ ಜೋಶಿ ಸರ್, ಮ್ಯಾಮ್?"

ಪಾಪ, ಅವರ ಪರಿಚಯವೂ ಇರಲಿಲ್ಲ.

ಅವಳು ಹೇಳಿದ್ದಿಷ್ಟು. ನಮ್ಮ ಕೋರ್ಸಿನಲ್ಲಿ ಪ್ರಾಜೆಕ್ಟಿಗೆ ಟೀಮುಗಳನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ಜೊತೆಗೆ ಡಬ್ಬಿ ಹಂಚಿಕೊಂಡು ಉಣ್ಣುವವರದ್ದೊಂದು ಟೀಮು, ಒಂದೇ ಊರಿನವರದ್ದು ಇನ್ನೊಂದು. ಇವಳನ್ನು ಯಾರೂ ಕರೆಯಲಿಲ್ಲ. ಕೊನೆಗೆ ನಮ್ಮ ಸರ್ ಒಬ್ಬರು ಒಂದು ಟೀಮಿಗೆ ಇವಳ ಹೆಸರು ಬರೆದರು. ಆ ಟೀಮಿನ ವಿಷಯ, ಪುಣೆಯ ರಿಕ್ಷಾ ಬಿಡಿಭಾಗಗಳನ್ನು ಪೂರ್ವ ಆಫ್ರಿಕಾದಲ್ಲಿ ಮಾರುವುದು ಹೇಗೆ.

"ನಮ್ಮಪ್ಪನ ಅಂಗಡಿ ಅದೇ, ಮ್ಯಾಮ್. ದಾರ್ ಎಸ್ ಸಲಾಮ್‌ನಲ್ಲಿ. ಇಂಡಿಯಾದ ಬಿಡಿಭಾಗವೇ ಮಾರೋದು. ಅವರು ಒಂದು ಮಾತೂ ಕೇಳಲಿಲ್ಲ. ಎಲ್ಲ ಗೂಗಲ್‌ನಿಂದ ತೆಗೆದರು. ಪ್ರೆಸೆಂಟೇಶನ್ ದಿನ ಮಾತ್ರ ಫೋನ್ ಬಂತು, ಬಂದು ನಡುವೆ ನಿಲ್ಲು ಅಂತ."

"ಮತ್ತೆ ಮಾರ್ಕೆಟಿಂಗ್ ಯಾಕೆ?"

"ನಾನಿರೋ ಪೀಜಿಯ ಹುಡುಗಿಯೊಬ್ಬಳು ಅಲ್ಲಿದ್ದಾಳೆ. ನಮ್ಮ ಟೀಮಿಗೆ ಬಾ ಅಂದಳು."

ಅಷ್ಟೇ. ಒಳಸಂಚಿಲ್ಲ, ಪಿತೂರಿಯಿಲ್ಲ. ಒಬ್ಬಳು ಇನ್ನೊಬ್ಬಳನ್ನು ಬಾ ಅಂದಿದ್ದಾಳೆ. ನನ್ನ ಅರವತ್ತು ಮಕ್ಕಳಲ್ಲಿ ಒಬ್ಬರ ಬಾಯಿಗೂ ಬಾರದ ಮಾತು.

ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಸ್ವಲ್ಪ ದಿನ ತಡಿ ನೀಮಾ, ಎಲ್ಲ ಸರಿಮಾಡ್ತೀನಿ" ಅಂದೆ.

ಅವಳು ದೋಸೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ತಂಡದವರು ಬಂದಾಗ ಫೋಟೋಕ್ಕೆ ನಾನಿರಬೇಕು ಅಂತಲಾ, ಮ್ಯಾಮ್?"

ಊರವರೆಲ್ಲರ ಮೇಲೆ ಅನುಮಾನಪಡುವ ನನ್ನ ಮೇಲೆ ಮೊದಲ ಸಲ ಒಬ್ಬರು ಅನುಮಾನಪಟ್ಟರು. ಅದೂ ಸರಿಯಾಗಿಯೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳ ಬ್ಯಾಗಿನಿಂದ ಅರ್ಜಿ ತೆಗೆಸಿ ಅಲ್ಲೇ ಸಾಂಬಾರ್ ಬಟ್ಟಲು ಸರಿಸಿ ಸಹಿ ಹಾಕಿದೆ. "ಯಾವಾಗ ಬೇಕೋ ಆವಾಗ ಕೊಡು. ಕೊಡದಿದ್ದರೂ ಸರಿ. ಇನ್ನು ಫೋಟೋಕ್ಕೆ ನಿನ್ನನ್ನು ಯಾರೂ ಕರೆಯೋದಿಲ್ಲ." ಅವಳು ಥ್ಯಾಂಕ್ಸ್ ಹೇಳಲಿಲ್ಲ. ಅರ್ಜಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಅದೇ ವಾರ ಟೀಮುಗಳನ್ನೆಲ್ಲ ಒಡೆದು, ಚೀಟಿ ಎತ್ತಿಸಿ ಮುಂದಿನ ಪ್ರಾಜೆಕ್ಟಿಗೆ ಹೊಸ ಟೀಮು ಮಾಡಿದೆ. ಮಕ್ಕಳು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ, ಪಕ್ಕದ ಬೆಂಚಿನವರೊಂದಿಗೆ ಮಾತಾಡಲು ಬಾರದವರು ಹೊರದೇಶದವರೊಂದಿಗೆ ಯಾವ ವ್ಯಾಪಾರ ಮಾಡುತ್ತಾರೆ?

ಪರಿಶೀಲನಾ ತಂಡ ಬಂತು. ರಂಗೋಲಿ, ಕೇಸರಿ ಪೇಟ, ಶಾಲು, ತೆಂಗಿನಕಾಯಿ ಎಲ್ಲ ಆಯಿತು. ಫೋಟೋದ ಹೊತ್ತಿಗೆ ಡೈರೆಕ್ಟರ್ ಕಣ್ಣುಗಳು ಅತ್ತಿತ್ತ ಹುಡುಕಿದವು.

"ನೀಮಾ ಎಲ್ಲಿ?"

"ಕ್ಲಾಸಿನಲ್ಲಿದ್ದಾಳೆ, ಸರ್."

"ಕ್ಲಾಸಿನಲ್ಲಾ? ಈಗ?" ವಿದ್ಯಾರ್ಥಿನಿ ಕ್ಲಾಸಿನಲ್ಲಿರುವುದು ಇಷ್ಟು ದೊಡ್ಡ ಆಶ್ಚರ್ಯ ಅಂತ ನನಗೆ ಗೊತ್ತಿರಲಿಲ್ಲ. "ಎರಡು ನಿಮಿಷ ಕರೆಸಿ ಮೇಡಂ."

"ಹೊಸ ಟೀಮಿನ ಜೊತೆ ಅವರಪ್ಪನ ಅಂಗಡಿಗೆ ವಿಡಿಯೋ ಕಾಲ್ ನಡೆದಿದೆ, ಸರ್. ಆಗೋದಿಲ್ಲ."

ಡೈರೆಕ್ಟರ್ ನನ್ನನ್ನು ನೋಡಿದ ಪರಿ ನೋಡಬೇಕಿತ್ತು. ಮುಂದಿನ ಜೂನ್‌ನಲ್ಲಿ ಈ ಕುರ್ಚಿ ಯಾರದು ಅಂತ ಆಗಲೇ ಅನುಮಾನವಾಯಿತು. ಗ್ರೇಡ್ ಇನ್ನೂ ಬಂದಿಲ್ಲ.

ಎಲ್ಲರೂ ಊಟಕ್ಕೆ ಹೊರಟಾಗ ಜೋಶಿ ಸರ್ ಮೆಲ್ಲಗೆ ನನ್ನ ಪಕ್ಕ ಬಂದರು. ಅದೇ ಹಲ್ಲು, ಅದೇ ನಗು. "ಮೇಡಂ, ಬಾಕರವಡಿ ಹೇಗಿತ್ತು? ಒಂದು ಸಣ್ಣ ಕೆಲಸವಿತ್ತು. ನಮ್ಮ ಬ್ರೋಷರ್‌ಗೂ ಒಂದು ಫೋಟೋ ಬೇಕು. ಆ ನಿಮ್ಮ ಹುಡುಗಿಯನ್ನು ಅರ್ಧ ಗಂಟೆ ಕಳಿಸ್ತೀರಾ?"

ನೋಡಿದಿರಾ? ನನ್ನ ಮೂಗು ಸುಳ್ಳು ಹೇಳುವುದಿಲ್ಲ.

"ಅವಳನ್ನೇ ಕೇಳಿ, ಸರ್" ಅಂದೆ.

ಸಹಿಯಾದ ಅರ್ಜಿ ಈಗಲೂ ನೀಮಾಳ ಬ್ಯಾಗಿನಲ್ಲೇ ಇದೆ. ಕೊಟ್ಟಿಲ್ಲ, ಹರಿದೂ ಹಾಕಿಲ್ಲ. ಇರಲಿ ಬಿಡಿ, ನಮ್ಮ ಮೇಲೆ ಅವಳಿಗೂ ಒಂದು ಅನುಮಾನ ಬೇಡವೇ?