ನಮ್ಮಣ್ಣನ ಹೊಸ ಹುಳು

ಹಳೇಬೀಡಿನಲ್ಲಿ ನಮ್ಮಣ್ಣ ಪಾರ್ಥಸಾರಥಿಗೆ ‘ಹುಳದ ಮೇಷ್ಟ್ರು’ ಅಂತಲೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿಸಿದ ಕೂಡಲೇ ಕರೆಯುತ್ತಿದ್ದರು. ಅವನು ಹೋಗಿ ಇಷ್ಟು ಕಾಲವಾದ ಮೇಲೂ ಅರಸೀಕೆರೆಯ ಬಸ್ಸಿನಲ್ಲಿ ಸಿಕ್ಕವರು ‘ಹುಳದ ಮೇಷ್ಟ್ರ ತಂಗಿ ಯದುಗಿರಿಯಮ್ಮ ನೀವೇ ಅಲ್ವೇ’ ಎಂದು ಕೇಳಿ ಹಲ್ಲು ಕಿರಿಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅರ್ಧ ಸಿಟ್ಟು ಅವರ ಮೇಲೆ, ಇನ್ನರ್ಧ ಅಣ್ಣನ ಮೇಲೆ.

ನಮ್ಮ ತವರು ಬೇಲೂರು. ನಮ್ಮ ಬೀದಿಯ ಸಣ್ಣ ರಾಮದೇವರ ಗುಡಿಯಲ್ಲಿ ಆಷಾಢದ ಒಂದು ತಿಂಗಳು ದೇವರಿಗೆ ನೈವೇದ್ಯ ಬೇಯಿಸುವ ಸರದಿ ತಲೆತಲಾಂತರದಿಂದ ನಮ್ಮ ಮನೆಯದು. ನಮ್ಮವರಲ್ಲಿ ಸರದಿ ಎಂದರೆ ಆಸ್ತಿಗಿಂತ ಹೆಚ್ಚು. ಅದನ್ನು ನೋಡಿಯೇ ನಮ್ಮತ್ತಿಗೆ ಕೋಮಲವಲ್ಲಿಯನ್ನು ಅಣ್ಣನಿಗೆ ಕೊಟ್ಟದ್ದು. ಅಣ್ಣ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ವಿಜ್ಞಾನ ಓದಿ ಹಳೇಬೀಡಿನ ಶಾಲೆಗೆ ಮೇಷ್ಟ್ರಾಗಿದ್ದ. ಆಷಾಢ ಬಂತೆಂದರೆ ರಜೆ ಹಾಕಿ ಬಂದು, ಮಡಿಯುಟ್ಟು ಗುಡಿಯ ಒಲೆಯ ಮುಂದೆ ಕೂರುತ್ತಿದ್ದ. ಎಲ್ಲ ಚೆನ್ನಾಗಿಯೇ ನಡೆದಿತ್ತು, ಆ ಎಮ್ಮೆಗಳು ಸಾಯುವವರೆಗೆ.

ಮೂವತ್ತಾರನೆಯ ಇಸವಿ ಇರಬೇಕು. ಹಳೇಬೀಡಿನ ಕೆರೆಯಂಗಳದಲ್ಲಿ ಮೇಯುವ ಎಮ್ಮೆಗಳಿಗೆ ಗದ್ದದ ಕೆಳಗೆ ನೀರು ತುಂಬಿ, ಊದಿಕೊಂಡು, ಒಂದೊಂದೇ ಸಾಯತೊಡಗಿದವು. ಸತ್ತ ದನ ಸುಲಿಯುತ್ತಿದ್ದ ಕೆಂಚಯ್ಯ ಯಕೃತ್ತನ್ನು ಸೀಳಿದರೆ ಒಳಗೆಲ್ಲ ಎಲೆಯಂಥ ಹುಳುಗಳು. ಶಾಲೆಯ ಬಾಗಿಲಿಗೆ ಬಂದು, “ಈಲಿ ತುಂಬಾ ಎಲೆ ಐತೆ, ಬಂದು ನೋಡಿ ಅಯ್ನೋರೆ” ಅಂದನಂತೆ. ಅಣ್ಣ ಹೋದ. ಅಂದಿನಿಂದ ಕೆಟ್ಟ.

ನಾನು ಆಗ ಅವನ ಮನೆಯಲ್ಲೇ ಇದ್ದೆ. ಆಮೇಲೆ ಊಟಕ್ಕೆ ಕೂತರೂ ಅದೇ ಮಾತು. “ಇದಕ್ಕೆ ಫ್ಲೂಕ್ ಅಂತಾರೆ ಕಣೇ ಯದುಗಿರಿ. ಬಾಯಿ ಹತ್ರ ಒಂದು ಹೀರುಬಟ್ಟಲು, ಮೈ ಮೇಲೆ ಇನ್ನೊಂದು. ಎರಡನೇದು ಎಲ್ಲಿದೆ ಅಂತ ನೋಡಿದ್ರೆ ಸಾಕು, ಕುಲ ಹೇಳ್ಬೋದು. ಹಿಂದಿನ ತುದೀಲಿದ್ರೆ ಅದು ದಾಳಿಂಬೆ ಕಾಳಿನ ಹಾಗೆ ದುಂಡಗೆ, ದನದ ಹೊಟ್ಟೇಲಿರತ್ತೆ. ಮುಂದಿದ್ದು ಮೈ ಎಲೆ ಹಾಗೆ ಚಪ್ಪಟೆ ಇದ್ರೆ ಯಕೃತ್ತಿಂದು. ಗಂಡು ಹೆಣ್ಣು ಬೇರೆ ಬೇರೆ ಇದ್ರೆ ರಕ್ತದಲ್ಲಿರೋದು.” ಸಾರು ಬಡಿಸುತ್ತಿದ್ದ ಅತ್ತಿಗೆ ಸೌಟು ಅಲ್ಲೇ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. “ಗೋತ್ರ ಸೂತ್ರ ಮರೆತು ಹುಳದ ಕುಲ ಹೇಳ್ತಾ ಕೂತಿದೀಯಲ್ಲ ಅಣ್ಣ” ಎಂದು ನಾನು ರೇಗಿದರೆ ನಗುತ್ತಿದ್ದ.

ಅವನ ಹುಳು ಪುಸ್ತಕದ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಪುಸ್ತಕದ್ದಕ್ಕೆ ಮೈತುಂಬ ಸಣ್ಣ ಮುಳ್ಳು, ಇವನದು ನುಣುಪು. ಅದು ಉದ್ದ, ಸಪೂರ. ಇದಕ್ಕೆ ಅಗಲ ಹೆಗಲು, ಉಬ್ಬಿದ ಮೈ. ಮೂರು ವರ್ಷ, ಯಾವ ಎಮ್ಮೆ ಸತ್ತರೂ ಅದೇ ನುಣುಪು, ಅದೇ ಉಬ್ಬು. ಇದು ಯಾರೂ ಕಾಣದ ಹೊಸ ಜಾತಿ ಎಂದು ತೀರ್ಮಾನಿಸಿಬಿಟ್ಟ. ಅದಕ್ಕೆ ದ್ವಾರಸಮುದ್ರದ ಹೆಸರು ಇಡುವುದು. ಪಕ್ಕದಲ್ಲಿ ಕಂಡವನ ಹೆಸರು, ಅಂದರೆ ತನ್ನದು, ಅಚ್ಚಾಗುವುದು ಪದ್ಧತಿಯಂತೆ. “ಸೂರ್ಯಚಂದ್ರ ಇರೋ ತನಕ ಅಳಿಸೋಕಾಗಲ್ಲ ಕಣೇ” ಎಂದ. ಮಗ ನಾಣಿ ಹುಟ್ಟಿದಾಗಲೂ ಅವನ ಮುಖ ಅಷ್ಟು ಬೆಳಗಿರಲಿಲ್ಲ.

ಇಷ್ಟೆಲ್ಲ ಆಸೆಯಿದ್ದರೂ, ಹೆಣದಿಂದ ತೆಗೆದ ಹಸಿ ಹುಳ ಮುಟ್ಟುವ ಧೈರ್ಯ ಅವನಿಗಿರಲಿಲ್ಲ. ಕೆಂಚಯ್ಯ ಹೆಕ್ಕಿ ಮಡಕೆಗೆ ಹಾಕಬೇಕು. ಇವನು ದೂರ ನಿಂತು, ಸೇದಿ ತಂದ ಬಾವಿನೀರನ್ನು ಮೇಲಿನಿಂದ ಮೂರು ಸಲ ಹೊಯ್ಯಬೇಕು. ಸ್ನಾನ, ಸಂಧ್ಯಾವಂದನೆ ಮುಗಿಸಿ ಬರುವವರೆಗೆ ಹುಳುಗಳು ಆ ನೀರಿನಲ್ಲೇ ನೆನೆಯಬೇಕು. ಆಮೇಲೆ ಬಿದಿರುಕಡ್ಡಿಯಿಂದ ಎತ್ತಿ ಸ್ಪಿರಿಟ್ಟಿನ ಬಾಟಲಿಗೆ ಹಾಕುವುದು. “ತೊಳೆದ ಮೇಲೆ ಅದು ಹೆಣದ್ದಲ್ಲ, ವಿದ್ಯೆ” ಎನ್ನುತ್ತಿದ್ದ. ತನಗೆ ತಾನೇ ಹೇಳಿಕೊಂಡ ಸಮಾಧಾನ ಅದು.

ಸುದ್ದಿ ಬೇಲೂರಿಗೆ ಮುಟ್ಟದೆ ಇದ್ದೀತೆ? ಗುಡಿಯ ಹಿರಿಯರಾದ ತಿರುನಾರಾಯಣಯ್ಯಂಗಾರ್ ಹೇಳಿ ಕಳಿಸಿದರು. ನಾನೂ ಅಣ್ಣನ ಜೊತೆ ಹೋಗಿದ್ದೆ.

“ಸತ್ತ ದನದೊಳಗಿನದಕ್ಕೆ ಕೈ ಹಾಕಿದವನು ದೇವರ ಅನ್ನಕ್ಕೆ ಕೈ ಹಾಕೋ ಹಾಗಿಲ್ಲಪ್ಪ. ಬಿಟ್ಟೆ ಅಂತ ಹೇಳು, ಪ್ರಾಯಶ್ಚಿತ್ತ ಮಾಡಿಸ್ಕೋ, ಮುಗೀತು. ಇಲ್ದಿದ್ರೆ ಈ ಆಷಾಢಕ್ಕೆ ನಿಮ್ಮ ದಾಯಾದಿ ಇದಾನೆ. ಒಂದ್ಸಲ ಕೈ ಬದಲಾಯ್ತೂಂದ್ರೆ ನಿನ್ನ ಮಗನಿಗೂ ಸರದಿ ಬರಲ್ಲ” ಎಂದರು.

“ಹುಳ ನೋಡಿ ಅಂತ ಕಾಗದ ಬರೆದಿದ್ದೆ, ಬೆಂಗಳೂರಿಂದ ಪ್ರಾಣಿಶಾಸ್ತ್ರದ ಪ್ರೊಫೆಸರ್ ಬರ್ತಿದಾರೆ. ಅವರು ಹೊಸದು ಅಂದ ಮೇಲೆ ನೀವೇ ನನ್ನ ಕರೆದು ಮರ್ಯಾದೆ ಮಾಡ್ತೀರಿ. ಬಿಟ್ಟೆ ಅಂತ ನಾನು ಹೇಳಲ್ಲ” ಎಂದ ಅಣ್ಣ.

ಎಂಥ ಸೊಕ್ಕು ಅನ್ನಿಸಿತು ನನಗೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಹೆಮ್ಮೆಯೂ ಆಯಿತು.

ಆಷಾಢಕ್ಕೆ ಸ್ವಲ್ಪ ಮುಂಚೆ ಪ್ರೊಫೆಸರರು ಸಂಸಾರ ಸಮೇತ ಹಳೇಬೀಡಿಗೆ ಶಿಲ್ಪ ನೋಡಲು ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ನಾನು ಕಾಫಿ ಹಿಡಿದುಕೊಂಡು ಅಣ್ಣನ ಹಿಂದೆ ಹೋದೆ. ಬಾಟಲಿಯ ಹುಳುಗಳನ್ನು ಅವರು ಭೂತಗಾಜಿನಲ್ಲಿ ಬಹಳ ಹೊತ್ತು ನೋಡಿದರು.

“ಇವನ್ನ ಯಾವುದರಲ್ಲಿ ತೊಳೀತೀರಿ?”

“ಶುದ್ಧವಾದ ಬಾವಿನೀರಲ್ಲಿ. ಮೂರು ಸಲ.”

“ಉಪ್ಪು ಹಾಕಲ್ವೇ?”

“ಉಪ್ಪು ಯಾಕೆ?” ಎಂದ ಅಣ್ಣ.

ಅಂದು ಬೆಳಿಗ್ಗೆ ಕೆಂಚಯ್ಯ ಮುತ್ತುಗದೆಲೆಯಲ್ಲಿ ಸುತ್ತಿ ತಂದಿದ್ದ ಯಕೃತ್ತಿನ ತುಂಡಿನಿಂದ ಪ್ರೊಫೆಸರರು ಬರಿಗೈಯಲ್ಲೇ ಹುಳುಗಳನ್ನು ಬಿಡಿಸಿದರು. ಎರಡು ಬಟ್ಟಲು ನೀರು ತರಿಸಿ, ಒಂದಕ್ಕೆ ಚಿಟಿಕೆ ಉಪ್ಪು ಹಾಕಿ, ಎರಡರಲ್ಲೂ ಹುಳು ಬಿಟ್ಟರು. “ದೇವಸ್ಥಾನ ನೋಡ್ಕೊಂಡು ಬರ್ತೀವಿ, ನೀವು ಇದನ್ನ ನೋಡ್ತಿರಿ” ಎಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟರು.

ಅಣ್ಣ ಜಗಲಿಯ ಮೇಲೆ ಎರಡು ಬಟ್ಟಲುಗಳ ಮುಂದೆ ಕುಳಿತ. ಉಪ್ಪುನೀರಿನದು ಇದ್ದ ಹಾಗೇ ಸಪೂರವಾಗಿ ಬಿದ್ದಿತ್ತು. ಬರೀ ನೀರಿನದು ನೆನೆಹಾಕಿದ ಅವಲಕ್ಕಿಯಂತೆ ಮೆಲ್ಲಗೆ ದಪ್ಪವಾಗುತ್ತ ಹೋಯಿತು. ಹೆಗಲು ಅಗಲವಾಯಿತು, ಮೈ ಉಬ್ಬಿತು. ಅಣ್ಣ ಭೂತಗಾಜು ಹಿಡಿದು ಮುಳ್ಳು ಹುಡುಕಿದ. ಉಪ್ಪುನೀರಿನದರಲ್ಲಿ ಮೈತುಂಬ ಇದ್ದವು. ಇನ್ನೊಂದರಲ್ಲಿ ಸಿಪ್ಪೆ ಸುಲಿದು ಮುಳ್ಳೆಲ್ಲ ಉದುರುತ್ತಿದ್ದವು. ಅವನು ನನ್ನ ಕಡೆ ತಿರುಗಲೇ ಇಲ್ಲ. ಮೂರು ವರ್ಷ ಅವನು ಪೂಜೆ ಮಾಡಿದ ಹೊಸ ಜಾತಿ ಅಲ್ಲಿ, ನನ್ನ ಕಣ್ಣೆದುರಿಗೇ, ಬಾವಿನೀರಿನಲ್ಲಿ ತಯಾರಾಗುತ್ತಿತ್ತು.

ಪ್ರೊಫೆಸರರು ಒಳ್ಳೆಯ ಮನುಷ್ಯ, ಬೈದಿದ್ದರೆ ವಾಸಿಯಿತ್ತು. “ಎಲ್ಲಾ ಕಡೆ ಸಿಗೋ ಹುಳಾನೇ ಇದು ಮೇಷ್ಟ್ರೇ, ನೀರು ಹೊಕ್ಕು ಊದಿದೆ ಅಷ್ಟೆ. ಬೇಜಾರ್ ಮಾಡ್ಕೋಬೇಡಿ” ಎಂದು ಹೆಗಲು ತಟ್ಟಿದರು. ಕಾಫಿ ಚೆನ್ನಾಗಿದೆ ಎಂದು ನನಗೂ ಒಂದು ಮಾತು ಹೇಳಿದರು.

ಮರುದಿನ ಅಣ್ಣ ನನ್ನನ್ನೂ ಕರೆದುಕೊಂಡು ಬೇಲೂರಿಗೆ ಹೋಗಿ ತಲೆ ಬೋಳಿಸಿಕೊಂಡು, ಪಂಚಗವ್ಯ ಕುಡಿದು, ಹಿರಿಯರ ಕಾಲಿಗೆ ಬಿದ್ದ. ಸರದಿ ಆಗಲೇ ದಾಯಾದಿಗೆ ಹೋಗಿತ್ತು. “ಪ್ರಾಯಶ್ಚಿತ್ತ ನಿನ್ನ ಮೈಗಾಯ್ತು. ಕೊಟ್ಟದ್ದನ್ನ ವಾಪಸ್ ಕಿತ್ಕೊಳ್ಳೋಕಾಗಲ್ಲ” ಎಂದು ತಿರುನಾರಾಯಣಯ್ಯಂಗಾರ್ ಬಾಗಿಲು ಹಾಕಿಕೊಂಡರು.

ಬೋಳು ತಲೆಯಲ್ಲಿ ಅವನು ಹಳೇಬೀಡಿನ ಮನೆಗೆ ಬಂದಾಗ ಅತ್ತಿಗೆ ಹೊಸ್ತಿಲಲ್ಲಿದ್ದಳು. ಎಲ್ಲವನ್ನೂ ಅವಳಿಗೆ ನಾನೇ ಹೇಳಬೇಕಾಯಿತು, ಹುಳದ್ದು, ಸರದಿಯದು, ಎರಡೂ. ಹುಳದ ಬಗ್ಗೆ ಮೂರು ವರ್ಷ ಒಂದು ಮಾತೂ ಆಡದವಳು ಗಂಡನ ಮುಖ ನೋಡಿ ಕೇಳಿದಳು.

“ಮುಟ್ಟೋದಂತೂ ಮುಟ್ಟಿದ್ರಿ. ತೊಳೀದೇ ಮುಟ್ಟಬಾರದಿತ್ತೇನ್ರೀ?”