ಆಕ್ಸಿಜನ್ ವಾರ್ಡಿನ ದುಭಾಷಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಶ್ವಾಸಕೋಶದ ವಾರ್ಡಿನಲ್ಲಿ ದುಭಾಷಿ ಅಕ್ಕ ಆಗಲೇ ಡಾಕ್ಟರ ಬೆನ್ನು ಹತ್ತಿದ್ದಾರೆ. ಇವತ್ತು ಆಕ್ಸಿಜನ್ ಸಿಲಿಂಡರಿನೊಂದಿಗೆ ಮನೆಗೆ ಹೊರಟಿರುವ ಬಡಗಿಯ ಚೀಟಿ ಅಕ್ಕನ ಕೈಯಲ್ಲಿದೆ. ಅದರ ಇಂಗ್ಲಿಷಿನಲ್ಲಿ ಚಿಕ್ಕ ಪದವೊಂದು, ‘ಟು’ ಎಂದೋ ‘ಬೈ’ ಎಂದೋ ತಿಳಿಯದಂತೆ, ಅಡ್ಡಗಾಲು ಹಾಕಿದೆ. ಆಕ್ಸಿಜನ್ನನ್ನು ನಿಮಿಷಕ್ಕೆ ಮೂರು ಲೀಟರಿನಿಂದ ಎರಡಕ್ಕೆ ಇಳಿಸಬೇಕೋ, ಮೂರರಲ್ಲಿ ಎರಡು ಕಳೆದು ಒಂದಕ್ಕೆ ತರಬೇಕೋ? ಊಹಿಸಿ ಹೇಳುವುದು ಅಕ್ಕನ ಜಾಯಮಾನವಲ್ಲ. ಎರಡಕ್ಕೆ ಎನ್ನುತ್ತ ಡಾಕ್ಟರು ನಗುತ್ತಲೇ ತಿದ್ದಿಕೊಡುತ್ತಾರೆ. ಅಕ್ಕ ಕೇಳದೆ ಬಿಟ್ಟ ದಿನ ಅವರಿಗೇ ದಿಗಿಲಂತೆ.

ಅಕ್ಕ ಮೊದಲು ಇಲ್ಲಿಯೇ ಟೆಲಿಫೋನ್ ಆಪರೇಟರ್. ಹಳೆಯ ಟೆಲಿಫೋನ್ ಬೋರ್ಡು ಮೂಲೆಗೆ ಸೇರಿದಾಗ ಕೆಲಸವೂ ಹೋಗುವುದರಲ್ಲಿತ್ತು. ಚೀಟಿ ಹಿಡಿದು ಅರ್ಥ ಕೇಳುವವರು ಅವರ ಮೇಜನ್ನೇ ಮುತ್ತುತ್ತಿದ್ದುದನ್ನು ಕಂಡ ಈ ವಾರ್ಡಿನ ಸಿಸ್ಟರ್ ಅವರನ್ನು ಇಲ್ಲಿಗೆ ಎಳೆದುಕೊಂಡರು. ಈಗ ದಿನಕ್ಕೆ ಐದಾರು ಕುಟುಂಬ. ಸಂಜೆಗೆ ಗಂಟಲು ಕಟ್ಟಿ, ಮನೆಯಲ್ಲಿ ಗಂಡನ ಜತೆ ಕೈಸನ್ನೆಯಲ್ಲೇ ಸಂಸಾರ.

ಚೀಟಿ ಓದಿ ಕೈತೊಳೆದುಕೊಳ್ಳುವವರಲ್ಲ ಈ ಅಕ್ಕ. ತಾವೇ ಏನೂ ತಿಳಿಯದವರಂತೆ ಕೂತು ಮನೆಯವರಿಂದ ಪಾಠ ಹೇಳಿಸಿಕೊಳ್ಳುತ್ತಾರೆ. ಬಡಗಿಯ ಹೆಂಡತಿ ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, ಸಿಲಿಂಡರಿನ ಮೇಲೆ ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ನಾಬನ್ನು ಎರಡಕ್ಕೆ ತಂದು ನಿಲ್ಲಿಸುತ್ತಾರೆ. ಮನೆಯಲ್ಲಿ ಅವರಿಗೆ ಉಬ್ಬಸ ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದ್ದೇ ತಡ, ಆ ಕೈ ಮತ್ತೆ ನಾಬಿನ ಮೇಲೆ.

“ಜಾಸ್ತಿ ಮಾಡ್ತೀನಿ. ಒದ್ದಾಡೋದನ್ನ ನೋಡ್ಕೊಂಡು ಕೂರಕ್ಕಾಗುತ್ತಾ?”

ಅಪಾಯ ಇರುವುದೇ ಇಲ್ಲಿ. ಬಡಗಿಯದು ಹಳೆಯ ಕಾಯಿಲೆ. ಅಂಥ ಶ್ವಾಸಕೋಶಕ್ಕೆ ಆಕ್ಸಿಜನ್ ಅತಿಯಾದರೆ ಮಂಪರು ಕವಿದು ಜೀವಕ್ಕೇ ಸಂಚಕಾರ. ಎಬ್ಬಿಸಿ ಕೂರಿಸಿ, ತಕ್ಷಣ ವಾರ್ಡಿಗೆ ಫೋನ್ ಮಾಡಿ, ನಾಬ್ ಮಾತ್ರ ಮುಟ್ಟಬೇಡಿ ಎಂದು ಅಕ್ಕ ಮತ್ತೆ ಬಿಡಿಸಿ ಹೇಳುತ್ತಾರೆ.

“ಗೊತ್ತು ಅಕ್ಕಾ. ಆದ್ರೆ ನನ್ನ ಕೈ ಸುಮ್ಮನಿರಲ್ಲ,” ಎಂದು ಆಕೆ ಅತ್ತೇಬಿಡುತ್ತಾರೆ.

ಅಕ್ಕ ಬುದ್ಧಿ ಹೇಳಲು ಹೋಗುವುದಿಲ್ಲ. ಅಲ್ಲಿಯವರೆಗೆ ಯಾರೂ ಮಾತಾಡಿಸದಿದ್ದ ಬಡಗಿಯತ್ತ ತಿರುಗಿ, ಅಣ್ಣಾ ನೀವೇ ಹೇಳಿ ಎನ್ನುತ್ತಾರೆ. ಆತ ಉಸಿರು ಕೂಡಿಸಿಕೊಂಡು, ಹೆಂಡತಿಯ ಕೈಯನ್ನು ನಾಬಿನಿಂದ ಬಿಡಿಸಿ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ.

“ಇದನ್ನ ನಾನು ಹಿಡ್ಕೊಂಡಿರ್ತೀನಿ. ನೀನು ಇನ್ನೊಂದು ಕೈಲಿ ಫೋನ್ ಮಾಡು.”

ಅಕ್ಕ ಮತ್ತೊಮ್ಮೆ ಅದೇ ಪ್ರಶ್ನೆ ಕೇಳುತ್ತಾರೆ. ಈ ಸಲ ಒಂದು ಕೈ ಗಂಡನ ಹಿಡಿತದಲ್ಲಿ, ಇನ್ನೊಂದು ಫೋನಿನತ್ತ. ಆಗಷ್ಟೇ ಇಬ್ಬರಿಗೂ ಮನೆಗೆ ಹೊರಡುವ ಅಪ್ಪಣೆ.

ಗಾಲಿಕುರ್ಚಿ ಬಾಗಿಲು ದಾಟುವುದನ್ನು ನೋಡುತ್ತ ನಿಂತ ಅಕ್ಕನ ಮುಖದಲ್ಲಿ ಹೆಮ್ಮೆ ಮುಚ್ಚಿಟ್ಟರೂ ನಿಲ್ಲದು. “ಕೊನೇಲಿ ಅವರವರೇ ಮಾತಾಡ್ಕೊಂಡ್ರು ನೋಡಿ, ನಡುವೆ ನಾನು ಬೇಕಾಗ್ಲೇ ಇಲ್ಲ. ದುಭಾಷಿಗೆ ಇನ್ನೇನು ಬೇಕು?”